ಟಾಲಿವರ್ ಪರವಾಗಿ ಎರಡು ಮಾತು

ಹಂದಿಗಳಿಲ್ಲದ ಕೊಟ್ಟಿಗೆಯ ನಡುವೆ ನಿಂತು ಹಾರ್ಲನ್ ವಿಸರ್ ಇನ್ನೊಮ್ಮೆ ‘ನೆರೆಹೊರೆಯವರೇ’ ಎಂದ. ದನಿ ತಗಡಿನ ಮಾಡಿಗೆ ಬಡಿದು, ಖಾಲಿ ಕಟಕಟೆಗಳ ಮೇಲೆ ಹಾದು, ಯಾರದೋ ದನಿಯಾಗಿ ತಿರುಗಿ ಬಂತು. ಬಾಯಿಂದ ಹೊರಟ ಉಸಿರು ಅಲ್ಲೇ ಬೆಳ್ಳಗೆ ನಿಲ್ಲುವಷ್ಟು ಚಳಿ. ಸಂಜೆ ಶಾಲೆಯ ಊಟದ ಹಾಲ್‌ನಲ್ಲಿ ಪಕ್ಷದ ಸಭೆ. ಅಧ್ಯಕ್ಷ ಪದವಿಗೆ ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಅಯೋವಾದ ಊರೂರುಗಳಲ್ಲಿ ಜನ ಕೂತು ಚೀಟಿ ಹಾಕುವ ದಿನ. ಚೀಟಿ ಹಾಕುವ ಮೊದಲು ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಊರಿನವರೇ ಒಬ್ಬರು ಎದ್ದು ಎರಡು ಮಾತಾಡಬೇಕು. ರಾಯ್ಸ್ ಟಾಲಿವರ್ ಪರವಾಗಿ ಓರ್ಟನ್‌ನಲ್ಲಿ ಮಾತಾಡುವವನು ಹಾರ್ಲನ್. ಮಾತು ಬಾಯಿಪಾಠವಾಗಿತ್ತು. ಆದರೆ ‘ಅವರು ನಮ್ಮ ಮಾತು ಕೇಳಿಸಿಕೊಳ್ಳುತ್ತಾರೆ’ ಎಂಬ ಸಾಲಿಗೆ ಬಂದ ಕೂಡಲೇ ನಿಲ್ಲಿಸಿ ಮತ್ತೆ ಮೊದಲಿಂದ ಶುರುಮಾಡುತ್ತಿದ್ದ. ಸಾಲು ಮರೆತದ್ದಲ್ಲ ಎಂದು ಅವನಿಗೂ ಗೊತ್ತಿತ್ತು.

ಹೆಂಡತಿ ಟ್ವೈಲಾ ತೀರಿಕೊಂಡ ಚಳಿಗಾಲದಲ್ಲೇ ಅವನು ಹಂದಿಗಳನ್ನೆಲ್ಲ ಮಾರಿದ್ದ. ಆಮೇಲೆ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಇರಲಿಲ್ಲ, ಏಳದೇ ಇರುವುದಕ್ಕೂ ಇರಲಿಲ್ಲ. ಚರ್ಚಿನವರು ಮೊದಲ ತಿಂಗಳು ಬಿಸಿ ಪಾತ್ರೆಗಳಲ್ಲಿ ಊಟ ತಂದುಕೊಟ್ಟರು, ಎರಡನೆಯ ತಿಂಗಳು ‘ಹೇಗಿದ್ದೀಯಾ’ ಎಂದರು, ಆಮೇಲೆ ಅವನನ್ನು ಕಂಡರೆ ಹವಾಮಾನದ ಮಾತಾಡಿದರು. ತಪ್ಪು ಅವರದಲ್ಲ, ಅವನೂ ಇನ್ನೊಬ್ಬರ ಮನೆಯ ಸಾವಿಗೆ ಅಷ್ಟೇ ಮಾಡುತ್ತಿದ್ದ. ಹಾಗಿರುವಾಗ ಒಂದು ದಿನ ಗ್ರಂಥಾಲಯದ ಬಿಸಿಗೆ ಕೂತಿರೋಣ ಎಂದು ಹೋದಾಗ, ಒಳಕೋಣೆಯಲ್ಲಿ ಹತ್ತಿಪ್ಪತ್ತು ಜನರೆದುರು ಒಬ್ಬ ಎತ್ತರದ ಮುದುಕ ನಿಂತಿದ್ದ. ಅವನೇ ಟಾಲಿವರ್. ಒಕ್ಲಹೋಮಾದವನು, ನದಿಗಳಿಗೆ ಸೇತುವೆ ಕಟ್ಟಿ ಹಣ ಮಾಡಿದವನು, ಅಲ್ಲಿಯವರೆಗೆ ಒಂದು ಪಂಚಾಯಿತಿ ಚುನಾವಣೆಗೂ ನಿಂತವನಲ್ಲ. ದೇವರು, ಮನೆ, ದುಡಿಮೆ, ದಾರಿಗೆ ಅಡ್ಡ ಬರದ ಸರ್ಕಾರ ಎಂದೆಲ್ಲ ಅವನು ಹೇಳಿದ್ದು ಹಾರ್ಲನ್ ಹುಟ್ಟಿದಾಗಿನಿಂದ ನಂಬಿದ್ದೇ. ಅದಕ್ಕಾಗಿ ಅವನು ನಿಂತು ಕೇಳಲಿಲ್ಲ. ಮಾತಿನ ನಡುವೆ ಆ ಮನುಷ್ಯ ಸುಮ್ಮನಾಗಿ, ಕೈಯಲ್ಲಿದ್ದ ಲೋಟ ನೋಡುತ್ತ, ‘ನನ್ನ ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು, ಬೆಳಿಗ್ಗೆ ಇವತ್ತಿಗೂ ಕಪಾಟಿನಿಂದ ಎರಡು ಕಾಫಿ ಲೋಟ ಇಳಿಸುತ್ತೇನೆ’ ಎಂದ. ಹಾರ್ಲನ್ ಹೊರಗೆ ಬಂದು ಗಾಡಿಯಲ್ಲಿ ಕೂತು, ಕೈಗವಸು ಬಾಯಿಗೆ ಒತ್ತಿಕೊಂಡು, ಬಹಳ ಹೊತ್ತು ಅತ್ತ. ಹೆಣದ ಮುಂದೆ ಬಾರದ ಅಳು.

ಅಲ್ಲಿಂದ ಮುಂದೆ ಅವನಿಗೊಂದು ಕೆಲಸ ಸಿಕ್ಕಿತು. ಬೇಲಿಗಂಬಗಳಿಗೆ ಟಾಲಿವರ್ ಹೆಸರಿನ ಹಲಗೆ ಹೊಡೆದ, ಫೋನು ಮಾಡಿದ, ಗುರುತಿಲ್ಲದವರ ಬಾಗಿಲು ತಟ್ಟಿದ. ಬೇಸಿಗೆಯಲ್ಲಿ ಟಾಲಿವರ್ ಊರಿನ ಹೋಟೆಲಿಗೆ ಬಂದಾಗ ಎದ್ದು ನಿಂತು ಪರಿಚಯ ಮಾಡಿಕೊಟ್ಟವನೂ ಅವನೇ. ಹುಟ್ಟಿದ ಮೇಲೆ ಹತ್ತು ಜನರೆದುರು ಬಾಯಿ ಬಿಟ್ಟವನಲ್ಲ. ಆ ದಿನ ಬಿಟ್ಟ. ‘ನನ್ನ ಗೆಳೆಯ ಹಾರ್ಲನ್’ ಎಂದು ಟಾಲಿವರ್ ಹೆಗಲ ಮೇಲೆ ಕೈ ಹಾಕಿದಾಗ ಹುಡುಗನ ಹಾಗೆ ಕಿವಿ ಬಿಸಿಯಾಗಿತ್ತು. ಡಿಸೆಂಬರಿನಲ್ಲಿ ಚರ್ಚಿನ ಸಭಾಂಗಣಕ್ಕೆ ಬರುವ ಹೊತ್ತಿಗೆ ಟಾಲಿವರ್ ಹಿಂದೆ ಕ್ಯಾಮೆರಾಗಳು ಬಂದಿದ್ದವು, ಹತ್ತಿಪ್ಪತ್ತು ಜನ ನಾನೂರಾಗಿದ್ದರು. ಅದೇ ಕೈ ಅದೇ ಹೆಗಲ ಮೇಲೆ ಬಿತ್ತು. ‘ಹೆರಾಲ್ಡ್! ನಾನು ಹೆಸರು ಮರೆಯೋನಲ್ಲ ಕಣ್ರೀ,’ ಎಂದ ಟಾಲಿವರ್ ಸಭೆಗೆ. ಸಭೆ ನಕ್ಕಿತು, ಕೆಲವರು ಬೇರೆ ಕಾರಣಕ್ಕೆ. ಹಾರ್ಲನ್ ‘ಹೌದು ಸಾರ್’ ಎಂದ. ಹೆರಾಲ್ಡ್ ಆಗಿಯೇ ಎಂದ. ತಿದ್ದಬಹುದಿತ್ತು, ಒಂದೇ ಮಾತು ಸಾಕಿತ್ತು. ಆದರೆ ತಿದ್ದಿದರೆ ಆ ಕೈ ಹೆಗಲಿಂದ ಇಳಿದುಬಿಡಬಹುದು ಎಂಬ ಭಯ ಅವನಿಗೆ.

ಅದೇ ಸಭೆಯಲ್ಲಿ ಮಾರ್ಲಿಸ್ ಎದ್ದು ನಿಂತಿದ್ದಳು. ಅವನ ತಂಗಿ. ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷದಿಂದ ನರ್ಸು. ಅರ್ಧ ಓರ್ಟನ್‌ನ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅವಳದು. ಮಾರ್ಚ್ ಕೊನೆಗೆ ಆ ವಾರ್ಡನ್ನು ಮುಚ್ಚುತ್ತೇವೆ ಎಂದು ಆಸ್ಪತ್ರೆಯ ಮಂಡಳಿ ಹೇಳಿತ್ತು. ಪ್ರಶ್ನೆ ಕೇಳುವವರ ಮುಂದೆ ಮೈಕು ಹಿಡಿಯುವ ಕೆಲಸ ಹಾರ್ಲನ್‌ದು. ಅಣ್ಣನ ಕೈಯಿಂದ ಮೈಕು ಹತ್ತಿರಕ್ಕೆ ಎಳೆದುಕೊಂಡು ಅವಳು, ‘ನಾನೂ ನಿಮಗೇ ಚೀಟಿ ಹಾಕಬೇಕು ಅಂತ ಇದ್ದೀನಿ. ನಮ್ಮ ವಾರ್ಡು ಮುಚ್ತಿದ್ದಾರೆ. ಅದಕ್ಕೆ ನೀವೇನು ಮಾಡ್ತೀರಿ?’ ಎಂದಳು. ಟಾಲಿವರ್ ಸುಮ್ಮನಾದ. ಲೋಟ ನೋಡಿದ. ‘ತಂಗೀ, ಈ ಊರು ಕಟ್ಟಿದವರು ವಾಷಿಂಗ್ಟನ್ನಿಗೆ ಅರ್ಜಿ ಹಾಕ್ಕೊಂಡು ಕೂತಿರಲಿಲ್ಲ. ಸರ್ಕಾರ ದಾರಿ ಬಿಟ್ಟರೆ ಸಾಕು, ನೆರೆಹೊರೆಯವರು ಒಬ್ಬರಿಗೊಬ್ಬರು ಆಗ್ತಾರೆ,’ ಎಂದ. ಚಪ್ಪಾಳೆ. ‘ಸರಿ, ಆದರೆ ನಡುಚಳಿಯಲ್ಲಿ ನೋವು ಶುರುವಾದ ಹುಡುಗೀನ ಎಪ್ಪತ್ತು ಮೈಲಿ…’ ಎಂದು ಮಾರ್ಲಿಸ್ ಮುಂದುವರಿಸುವಷ್ಟರಲ್ಲಿ ಪ್ರಚಾರದ ಉಸ್ತುವಾರಿ ನೋಡುವ ಕ್ಲಾಡೆಟ್ ದೂರದಿಂದ ಬೆರಳು ಸುತ್ತಿಸಿ ಮುಗಿಸು ಎಂದು ಸನ್ನೆ ಮಾಡಿದಳು. ಹಾರ್ಲನ್ ಮೈಕು ಎಳೆದುಕೊಂಡ. ಬಲವಂತದಿಂದೇನಲ್ಲ; ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವಷ್ಟು ನಯವಾಗಿ. ಮಾರ್ಲಿಸ್‌ಳ ತುಟಿ ಇನ್ನೂ ಅಲ್ಲಾಡುತ್ತಲೇ ಇತ್ತು, ದನಿ ಮಾತ್ರ ಇರಲಿಲ್ಲ. ಆಮೇಲೆ ಅವಳು ಅವನನ್ನು ನೋಡಿದಳು. ಕ್ರಿಸ್‌ಮಸ್ಸಿಗೆ ಊಟಕ್ಕೆ ಕರೆಯಲಿಲ್ಲ.

ಚೀಟಿ ಹಾಕುವ ಆ ದಿನ ಮಧ್ಯಾಹ್ನ ಹಾರ್ಲನ್‌ಗೆ ಫೋನು ಬಂತು. ಕ್ಲಾಡೆಟ್‌ಳ ದನಿಯಲ್ಲಿ ಎಂದಿನ ಸಕ್ಕರೆ ಇರಲಿಲ್ಲ. ‘ಹೆರಾಲ್ಡ್, ನಿಮ್ಮ ಮನೆ ಹತ್ತಿರದ ರಸ್ತೇಲೇ ನಮ್ಮ ವ್ಯಾನ್ ಜಾರಿ ಚರಂಡಿಗೆ ಬಿದ್ದಿದೆ. ನಿಮ್ಮ ಹತ್ರ ದೊಡ್ಡ ಗಾಡಿ ಇದೆಯಲ್ಲ?’ ಹಾರ್ಲನ್ ಸರಪಳಿ ಎತ್ತಿಕೊಂಡು ಹೊರಟ. ಬಯಲಿನ ಮೇಲೆ ಗಾಳಿ ಹಿಮವನ್ನು ಹೊಗೆಯ ಹಾಗೆ ಉರುಳಿಸುತ್ತಿತ್ತು. ವ್ಯಾನಿನ ಹಿಂದೆ ಮೊಣಕಾಲುದ್ದ ಹಿಮದಲ್ಲಿ ನಿಂತು ಹೆಗಲು ಕೊಟ್ಟು ತಳ್ಳುತ್ತಿದ್ದವನು ಟಾಲಿವರ್ರೇ. ಡ್ರೈವರು, ಕ್ಲಾಡೆಟ್ ಇಬ್ಬರೂ ಬೇಡ ಸಾರ್ ಎಂದು ಬೇಡಿಕೊಳ್ಳುತ್ತಿದ್ದರು. ನೋಡುವವರು ಯಾರೂ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಹಾರ್ಲನ್‌ನ ಎದೆ ಮತ್ತೆ ಹಿಗ್ಗಿತು. ಹಿಗ್ಗಿದ್ದಕ್ಕೆ ತನ್ನ ಮೇಲೇ ಸ್ವಲ್ಪ ಸಿಟ್ಟೂ ಬಂತು. ವ್ಯಾನು ಮೇಲೇರಲಿಲ್ಲ. ಪಕ್ಕದ ಊರಿನಲ್ಲಿ ಜನ ಕಾಯುತ್ತಿದ್ದರು. ಕೊನೆಗೆ ಡ್ರೈವರನ್ನು ಅಲ್ಲೇ ಬಿಟ್ಟು, ಕ್ಲಾಡೆಟ್ ಹಾರ್ಲನ್‌ನ ಗಾಡಿಯ ಹಿಂದಿನ ಸೀಟಿಗೆ, ಟಾಲಿವರ್ ಮುಂದಕ್ಕೆ ಹತ್ತಿದರು.

ಟಾಲಿವರ್‌ನ ಕಾಲು ಒದ್ದೆಯಾಗಿತ್ತು. ಹಾರ್ಲನ್ ಸೀಟಿನಡಿಯಿಂದ ಕೊಟ್ಟಿಗೆಗೆ ಹಾಕುವ ಉಣ್ಣೆಯ ಕಾಲುಚೀಲ ತೆಗೆದುಕೊಟ್ಟ. ‘ಹಂದಿ ವಾಸನೆ ಇರುತ್ತೆ ಸಾರ್.’

‘ನಾನು ಅದಕ್ಕಿಂತ ಕೆಟ್ಟ ವಾಸನೆ ಜನರ ಜತೆ ಊಟ ಮಾಡಿದ್ದೀನಿ ಈ ತಿಂಗಳು,’ ಎಂದು ಟಾಲಿವರ್ ಬೂಟು ಕಳಚಿದ. ಅವನ ಪಾದ ಬಿಳಿಚಿಕೊಂಡು ಮುದುಕನ ಪಾದವಾಗಿತ್ತು, ಉಗುರು ದಪ್ಪ. ವೇದಿಕೆಯ ಮೇಲಿನ ಮನುಷ್ಯನಿಗೆ ಇಂಥ ಪಾದ ಇರಬಹುದೆಂದು ಹಾರ್ಲನ್ ಎಣಿಸಿರಲಿಲ್ಲ. ಗಾಡಿ ಹಾರ್ಲನ್‌ನ ಹೊಲದ ಅಂಚಿನಲ್ಲೇ ಹಾದುಹೋಯಿತು.

‘ಆ ಕೊಟ್ಟಿಗೆ ನಿಮ್ಮದಾ? ಖಾಲಿ ಕಾಣ್ತದೆ.’

‘ಹೆಂಡತಿ ಹೋದ್ಮೇಲೆ ಮಾರಿಬಿಟ್ಟೆ.’

ಟಾಲಿವರ್ ಸುಮ್ಮನಾದ. ಅದೇ ಮೌನ. ಅದೇ ಉದ್ದ, ಅದೇ ರೀತಿ ಕೈಯ ಕಡೆ ಇಳಿದ ಕಣ್ಣು, ಲೋಟವೊಂದಿರಲಿಲ್ಲ. ಹಾಗಾದರೆ ಅದು ನಾಟಕವೇ? ಗ್ರಂಥಾಲಯದ ಹೊರಗೆ ಗಾಡಿಯಲ್ಲಿ ಕೂತು ಅತ್ತದ್ದು ಒಂದು ಅಭ್ಯಾಸದ ಮುಂದೆಯೇ? ಓರೆಗಣ್ಣಿನಿಂದ ನೋಡಿದ. ಮುದುಕನ ಕೆಳದವಡೆ ಸಣ್ಣಗೆ ನಡುಗುತ್ತಿತ್ತು. ಚಳಿಗೂ ಇರಬಹುದು. ಇಲ್ಲ, ಅದು ಸುಳ್ಳಲ್ಲ ಎನ್ನಿಸಿತು. ಹುಟ್ಟಿದ್ದು ನಿಜವಾಗಿಯೇ, ನೂರು ಊರುಗಳಲ್ಲಿ ಎತ್ತಿ ತೋರಿಸಿ ಸವೆದಿದೆ, ಅಷ್ಟೆ. ಸವೆದರೂ ಒಳಗಿನ ಲೋಹ ಅದೇ. ಟ್ವೈಲಾಳ ಮೇಲಿನ ತನ್ನ ದುಃಖವನ್ನೂ ತಾನು ಫೋನಿನಲ್ಲಿ ಎಷ್ಟು ಜನಕ್ಕೆ ಹೇಳಿ, ಅವರ ವೋಟು ಗಿಟ್ಟಿಸಿದ್ದೇನೆ ಎಂದು ಹೊಳೆದು ಅವನು ಕಣ್ಣನ್ನು ರಸ್ತೆಯ ಕಡೆ ತಿರುಗಿಸಿದ.

‘ಒಂದು ಕೇಳ್ಲಾ ಸಾರ್? ನನ್ನ ತಂಗಿ ಚರ್ಚಿನಲ್ಲಿ ಕೇಳಿದ್ಲಲ್ಲ, ಹೆರಿಗೆ ವಾರ್ಡಿಂದು. ಅವಳು ಮುಗಿಸಿರಲಿಲ್ಲ.’

ಹಿಂದಿನಿಂದ ಕ್ಲಾಡೆಟ್, ‘ಹೆರಾಲ್ಡ್, ಈಗ ಬೇಡಪ್ಪಾ. ಅವರಿಗೆ ಹತ್ತು ನಿಮಿಷ ಕಣ್ಣು ಮುಚ್ಚಬೇಕು,’ ಎಂದಳು.

‘ಕೇಳ್ಲಿ ಬಿಡಮ್ಮ. ಗಾಡಿ ಅವರದ್ದು,’ ಎಂದ ಟಾಲಿವರ್.

ಹಾರ್ಲನ್ ಕೇಳಿದ. ಎಪ್ಪತ್ತು ಮೈಲಿ, ಇಂಥ ರಸ್ತೆ, ಇಂಥ ದಿನ. ನೆರೆಹೊರೆಯವರು ಆಗುತ್ತಾರೆ ನಿಜ, ಆದರೆ ನೆರೆಮನೆಯ ಹೆಂಗಸಿಗೆ ರಕ್ತ ನಿಲ್ಲಿಸಲು ಬರುತ್ತದೆಯೇ? ಟಾಲಿವರ್ ಬಹಳ ಹೊತ್ತು ಕಿಟಕಿಯಾಚೆ ನೋಡಿದ. ಈ ಸಲದ ಮೌನಕ್ಕೆ ಹಳೆಯ ಉದ್ದ ಇರಲಿಲ್ಲ. ಎಲ್ಲಿ ನಿಲ್ಲಬೇಕೆಂದು ಅದಕ್ಕೇ ಗೊತ್ತಿರಲಿಲ್ಲ.

‘ನಂಗೊತ್ತಿಲ್ಲ,’ ಎಂದ.

‘ಸಾರ್,’ ಎಂದಳು ಕ್ಲಾಡೆಟ್.

‘ಗೊತ್ತಿಲ್ಲಮ್ಮ, ಏನು ಮಾಡ್ಲಿ? ಸೇತುವೆ ಕಟ್ಟೋವಾಗ ಮೊದಲು ನದಿ ತಳಕ್ಕೆ ಕೊಳವೆ ಇಳಿಸಿ, ಮಣ್ಣಾ ಬಂಡೆಯಾ ನೋಡ್ತಿದ್ದೆ. ಈ ವಿಷಯದಲ್ಲಿ ನಾನು ತಳಕ್ಕೆ ಹೋಗಿಲ್ಲ. ಜನ ಒಂಟಿ ಅನ್ಕೊಂಡಿದ್ದಾರೆ, ನೀವು ಒಂಟಿಯಲ್ಲ ಅಂತ ಹೇಳೋಕೆ ನಂಗೆ ಬರುತ್ತೆ. ಅಷ್ಟು ಹೇಳಿದ್ರೆ ಉಳಿದದ್ದು ತಾನಾಗಿ ಆಗುತ್ತೆ ಅಂತಿದ್ದೆ.’ ಸ್ವಲ್ಪ ಬಿಟ್ಟು, ‘ನಿಮ್ಮ ತಂಗಿಗೆ ಹೇಳಿ, ಹೆರಾಲ್ಡ್…’

‘ಹಾರ್ಲನ್ ಸಾರ್. ನನ್ನ ಹೆಸರು ಹಾರ್ಲನ್.’

ವೈಪರು ಒಂದು ಸಲ ಗಾಜಿನ ಮೇಲೆ ಕಿರುಗುಟ್ಟಿತು. ಟಾಲಿವರ್‌ನ ಕಿವಿ ಕೆಂಪಾದದ್ದನ್ನು ಹಾರ್ಲನ್ ಕಂಡ. ‘ಚರ್ಚಿನಲ್ಲೂ ನಾನು…?’

‘ಹೌದು.’

‘ಯಾಕೆ ಹೇಳಲಿಲ್ಲ ಮಾರಾಯ್ರೇ ನೀವು?’

ಅದಕ್ಕೆ ಉತ್ತರ ಇತ್ತು, ಬಾಯಿಗೆ ಬರುವಂಥದ್ದಲ್ಲ. ನನ್ನನ್ನು ಕರೆಯುವವರು ಯಾರೂ ಉಳಿದಿರಲಿಲ್ಲ, ಯಾವ ಹೆಸರಿನಿಂದಾದರೂ ಕರೆದಿರಲ್ಲ, ಅಷ್ಟಕ್ಕೆ ಓಗೊಟ್ಟೆ. ಹಾರ್ಲನ್ ಗೇರು ಬದಲಾಯಿಸಿದ. ಪಕ್ಕದ ಊರಿನ ಶಾಲೆಯ ಮುಂದೆ ಇಳಿಯುವಾಗ ಟಾಲಿವರ್ ಕೈಗವಸು ತೆಗೆದು, ಬರಿಗೈಯಲ್ಲಿ ಅವನ ಕೈ ಹಿಡಿದು, ‘ದೊಡ್ಡ ಉಪಕಾರ ಆಯ್ತು ಹಾರ್ಲನ್,’ ಎಂದ. ಮೆಟ್ಟಿಲೇರಿ ಬಾಗಿಲು ತೆರೆದ. ಒಳಗಿನ ಗದ್ದಲದೊಳಕ್ಕೆ ಅವನ ದನಿ ಎದ್ದು ನಿಂತದ್ದು ಹೊರಗೂ ಕೇಳಿಸಿತು: ‘ಈ ಊರು ಕಟ್ಟಿದವರು ವಾಷಿಂಗ್ಟನ್ನಿಗೆ ಅರ್ಜಿ ಹಾಕ್ಕೊಂಡು ಕೂತಿರಲಿಲ್ಲ!’ ಹಾರ್ಲನ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತನ್ನ ಕಾಲುಚೀಲ ಹಾಕಿಕೊಂಡು ನಿಂತು, ಗೊತ್ತಿರುವ ಒಂದೇ ಹಾಡನ್ನು ಹಾಡುತ್ತಿರುವ ಮುದುಕ. ಆ ಹಾಡು ತನ್ನನ್ನು ಬದುಕಿಸಿತ್ತು. ಅಷ್ಟರಿಂದಲೇ ದೇಶ ನಡೆಯುತ್ತದೆಂದು ತಾನು ಯಾಕೆ ತಿಳಿದೆ?

ಸಂಜೆ ಶಾಲೆಯ ಊಟದ ಹಾಲ್ ತುಂಬಿತ್ತು. ಮಕ್ಕಳ ಗಿಡ್ಡ ಬೆಂಚುಗಳಲ್ಲಿ ದಪ್ಪ ಕೋಟುಗಳ ಜನ ಮೊಣಕಾಲು ಎದೆಗೇರಿಸಿ ಕೂತಿದ್ದರು. ಒಂದು ಮೇಜಿನ ಮೇಲೆ ಕಾಫಿ, ಹ್ಯಾಮ್ ಬನ್ನು. ಸಭೆ ನಡೆಸುತ್ತಿದ್ದವನು ಡೆಲ್ಮರ್, ಮಾರ್ಲಿಸ್‌ಳ ಗಂಡ, ಪಕ್ಷದ ಸ್ಥಳೀಯ ಅಧ್ಯಕ್ಷ. ಇಪ್ಪತ್ತು ವರ್ಷದಿಂದ ಅದೇ ಕಂದು ಸ್ವೆಟರಿನಲ್ಲಿ ಅದೇ ನಿಯಮಗಳನ್ನು ಓದುತ್ತಿದ್ದ ಸಪ್ಪೆ ಮನುಷ್ಯ. ಅವನ ವೋಟು ಪ್ರತಿ ಸಲವೂ ಯಾರೋ ಗವರ್ನರಿಗೆ. ಅವನನ್ನು ಕಂಡರೆ ಹಾರ್ಲನ್‌ಗೆ ಮೊದಲಿಂದ ಒಳಗೊಳಗೇ ತಾತ್ಸಾರ. ಮಾರ್ಲಿಸ್ ಗೋಡೆ ಬದಿಯ ಬೆಂಚಿನಲ್ಲಿ ಕೆಲಸದ ಬಟ್ಟೆಯಲ್ಲೇ ಕೂತಿದ್ದಳು, ಅಣ್ಣನ ಕಡೆ ತಿರುಗಲಿಲ್ಲ. ಈ ಸಲ ಕಣದಲ್ಲಿದ್ದ ಇಬ್ಬರು ಎದುರಾಳಿಗಳಲ್ಲಿ, ಗವರ್ನರ ಪರವಾಗಿ ಬ್ಯಾಂಕಿನವನು ಮಾತಾಡಿದ, ಸೆನೆಟರ ಪರವಾಗಿ ಚರ್ಚಿನ ಆರ್ಗನ್ ನುಡಿಸುವಾಕೆ. ‘ರಾಯ್ಸ್ ಟಾಲಿವರ್,’ ಎಂದು ಡೆಲ್ಮರ್ ಕೂಗಿದ. ಹಾರ್ಲನ್ ಎದ್ದ.

‘ನೆರೆಹೊರೆಯವರೇ,’ ಎಂದ. ಬಾಯಿಪಾಠದ ಮುಂದಿನ ಸಾಲು ಬಂದು ನಾಲಗೆಯ ತುದಿಯಲ್ಲಿ ನಿಂತಿತು. ಅದನ್ನು ಅಲ್ಲೇ ಬಿಟ್ಟ. ‘ಇವತ್ತು ಮಧ್ಯಾಹ್ನ ಅವರು ನನ್ನ ಗಾಡೀಲಿ ಕೂತಿದ್ರು. ಮಾರ್ಚ್‌ಗೆ ಮುಚ್ತಾರಲ್ಲ ನಮ್ಮ ಹೆರಿಗೆ ವಾರ್ಡು, ಅದಕ್ಕೇನು ಮಾಡ್ತೀರಿ ಅಂತ ಕೇಳಿದೆ. ನಂಗೊತ್ತಿಲ್ಲ ಅಂದ್ರು.’

ಯಾರೋ ಹಿಂದಿನಿಂದ, ‘ಚೆನ್ನಾಗಿ ಪ್ರಚಾರ ಮಾಡ್ತೀಯಲ್ಲೋ ಹಾರ್ಲನ್!’ ಎಂದರು. ಹಾಲ್ ನಕ್ಕಿತು.

‘ನಗಿ. ನಾನೂ ನಗ್ತಿದ್ದೆ,’ ಎಂದ ಹಾರ್ಲನ್. ‘ಈ ಪದವಿ ಬೇಕು ಅಂತ ಬಂದವರೆಲ್ಲ ಈ ಊರಲ್ಲಿ ಸೇಬಿನ ಪೈ ತಿಂದ್ಕೊಂಡು ಹೋದ್ರು. ಗೊತ್ತಿಲ್ಲ ಅಂದವರು ಇವರೊಬ್ಬರೇ. ಟ್ವೈಲಾ ಹೋದಾಗ ನಾನು ಇದ್ದೀನೋ ಇಲ್ವೋ ಅಂತ ನಂಗೇ ಗೊತ್ತಿರಲಿಲ್ಲ. ನೀನು ಇದ್ದೀಯ ಅಂತ ಹೇಳಿದೋರು ಅವರು. ನನ್ನ ಚೀಟಿ ಅವರಿಗೇ. ಆದ್ರೆ ಆ ವಾರ್ಡು ಅವರ ಕೈಲಾಗೋದಲ್ಲ. ಬೇರೆಯವರು ಆಗುತ್ತೆ ಅಂತಾರೆ, ಅವರ ಕೈಲೂ ಆಗಲ್ಲ. ನೆರೆಹೊರೆಯವರು ಆಗ್ತಾರೆ ಅಂತ ಅವರು ಹೇಳ್ತಾರೆ. ಅದು ಸರಿ ಅನ್ಸುತ್ತೆ ನಂಗೆ. ನೆರೆಹೊರೆ ಅಂದ್ರೆ ಈ ಹಾಲ್‌ನಲ್ಲಿ ಕೂತಿರೋರು, ಇನ್ಯಾರೂ ಬರಲ್ಲ. ಚೀಟಿ ಹಾಕಿದ ತಕ್ಷಣ ಪ್ರತಿ ಸಲದ ಹಾಗೆ ಎದ್ದು ಓಡಬೇಡಿ. ಕೂತ್ಕೊಳ್ಳಿ. ನನ್ನ ತಂಗಿಗೆ ವಿಷಯ ಗೊತ್ತು, ಅವಳು ಹೇಳ್ತಾಳೆ.’ ಇನ್ನೂ ಏನೋ ಇತ್ತು. ಅಷ್ಟರಲ್ಲಿ ಉಸಿರು ಮುಗಿಯಿತು. ಕೂತ.

ಚಪ್ಪಾಳೆ ಅಲ್ಲೊಂದು ಇಲ್ಲೊಂದು. ಚೀಟಿ ಹಾಕಿದರು, ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ ಕೂಡಿಸಿ ಎಣಿಸಿದರು. ಗವರ್ನರು ಮೊದಲು, ಸೆನೆಟರು ಆಮೇಲೆ, ಅವರ ಹಿಂದೆ ಬಹಳ ದೂರದಲ್ಲಿ ಟಾಲಿವರ್. ಯಾರದೋ ಫೋನು, ರಾಜ್ಯದ ಉದ್ದಕ್ಕೂ ಅದೇ ಕಥೆ ಎಂದಿತು. ಹಾರ್ಲನ್ ಎದೆಯೊಳಗೆ ಏನಾದರೂ ಕುಸಿಯುತ್ತದೋ ಎಂದು ಕಾದ. ಕುಸಿಯಲಿಲ್ಲ. ಜನ ಕೋಟಿನ ಗುಂಡಿ ಹಾಕಿಕೊಂಡು ಏಳುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಚಳಿಗಾಳಿ ಒಳನುಗ್ಗುತ್ತಿತ್ತು. ಒಬ್ಬರು, ಇಬ್ಬರು, ಒಂದು ಬೆಂಚು, ಇನ್ನೊಂದು ಬೆಂಚು. ಅವನು ತಲೆ ತಗ್ಗಿಸಿ ತನ್ನ ಬೂಟನ್ನೇ ನೋಡುತ್ತ ಕೂತ. ಎಲ್ಲರೂ ಹೋದ ಮೇಲೆ ತಂಗಿಯ ಮುಖ ನೋಡುವುದು ಹೇಗೆಂದು ಯೋಚಿಸುತ್ತಿದ್ದಾಗ, ಬಾಗಿಲು ಕೊನೆಯ ಸಲ ಮುಚ್ಚಿದ ಸದ್ದಾಯಿತು. ತಲೆಯೆತ್ತಿದ. ಹಾಲ್‌ನ ಮೂರರಲ್ಲಿ ಒಂದು ಪಾಲು ಹಾಗೇ ಕೂತಿತ್ತು. ಬ್ಯಾಂಕಿನವನು ಇದ್ದ. ಆರ್ಗನ್ ನುಡಿಸುವಾಕೆ ಮಿಕ್ಕ ಬನ್ನುಗಳನ್ನು ಹಂಚುತ್ತಿದ್ದಳು. ‘ಚೆನ್ನಾಗಿ ಪ್ರಚಾರ ಮಾಡ್ತೀಯಲ್ಲೋ’ ಎಂದವನೂ ಇದ್ದ.

ಮಾರ್ಲಿಸ್ ಎದ್ದು ಮುಂದೆ ಬಂದಳು. ಅವಳು ಮಾತಾಡುತ್ತ ಹೋದಂತೆ ಅವಳ ದನಿ ಇಷ್ಟು ಗಟ್ಟಿ ಎಂದು ಅವನಿಗೆ ಮೊದಲ ಸಲ ತಿಳಿಯಿತು. ವಾರ್ಡಿಗೆ ನಾಲ್ಕು ನರ್ಸು ಬೇಕು, ಇಬ್ಬರಿದ್ದೇವೆ. ನಿವೃತ್ತರಾದ ಇಬ್ಬರು ಬರಲು ಸಿದ್ಧ, ಮಂಡಳಿ ಅವರನ್ನು ಕೇಳಲೇ ಇಲ್ಲ ಎಂದಳು. ‘ಹಾಗಾದ್ರೆ ಒಂದು ನಿರ್ಣಯ ಪಾಸ್ ಮಾಡೋಣ,’ ಎಂದ ಬ್ಯಾಂಕಿನವನು.

ಡೆಲ್ಮರ್ ಕನ್ನಡಕ ಒರೆಸುತ್ತ, ‘ನಿರ್ಣಯ ಮಾಡಿದ್ರೆ ಅದು ಕಪಾಟಿಗೆ ಹೋಗುತ್ತೆ. ನಾನೇ ಇಟ್ಟಿದ್ದೀನಿ ಬೇಕಾದಷ್ಟು,’ ಎಂದ. ‘ಬರೋ ಮಂಗಳವಾರ ಸಂಜೆ ಆಸ್ಪತ್ರೆ ಮಂಡಳಿ ಸಭೆ ಇದೆ. ಶುರುವಿನಲ್ಲಿ ಸಾರ್ವಜನಿಕರು ಮಾತಾಡಬಹುದು, ನಿಯಮ ಇದೆ. ಇದುವರೆಗೆ ಯಾರೂ ಬಂದಿಲ್ಲ. ಆ ಖಾಲಿ ಕುರ್ಚಿಗಳ ಮುಂದೆ ಅವರು ಏನು ಬೇಕಾದ್ರೂ ಮುಚ್ಚಬಹುದು. ತುಂಬಿದ್ರೆ ಸ್ವಲ್ಪ ಯೋಚಿಸ್ತಾರೆ. ಈ ತಿಂಗಳು ಆಗದಿದ್ರೆ ಬರೋ ತಿಂಗಳು ಮತ್ತೆ ಹೋಗಬೇಕು. ಅದರ ಮುಂದಿನ ತಿಂಗಳೂ. ಬೇಜಾರಿನ ಕೆಲಸ.’ ಈ ಬೇಜಾರಿನ ಕೆಲಸವನ್ನು ಈ ಮನುಷ್ಯ ಇಪ್ಪತ್ತು ವರ್ಷ ಮಾಡಿದ್ದಾನೆ ಎಂದು ಹಾರ್ಲನ್ ಅವನ ಸ್ವೆಟರನ್ನೇ ನೋಡಿದ. ಮೊಣಕೈ ಹತ್ತಿರ ತೇಪೆ ಹಾಕಿತ್ತು.

ಜನ ಮೇಜಿನ ಸುತ್ತ ಸೇರಿದಾಗ ಮಾರ್ಲಿಸ್ ಅಣ್ಣನ ಪಕ್ಕಕ್ಕೆ ಬಂದು ನಿಂತಳು. ‘ಮೈಕು ಎಳ್ಕೊಂಡಿದ್ದಕ್ಕೆ ನಂಗಿನ್ನೂ ಸಿಟ್ಟು ಹೋಗಿಲ್ಲ.’

‘ಹೋಗಬೇಕಾಗಿಲ್ಲ.’

‘ಹೋಗುತ್ತೆ. ಟೈಮ್ ಬೇಕು,’ ಎಂದಳು. ಆಮೇಲೆ, ‘ಭಾನುವಾರ ಊಟಕ್ಕೆ ಬಾ. ಡೆಲ್ಮರ್ ಗವರ್ನರ ವಿಷಯ ತೆಗೆದ್ರೆ ನೀನು ಬಾಯಿ ಮುಚ್ಕೊಂಡಿರಬೇಕು.’

‘ಅವನು ತೆಗೀದಿದ್ರೆ ನಾನು ಟಾಲಿವರ್ ವಿಷಯ ತೆಗೀಬಹುದಾ?’

‘ಸೂಪು ಮುಗಿಯೋ ತನಕ,’ ಎಂದು ಮಾರ್ಲಿಸ್ ನಕ್ಕಳು.

ಆಗ ಬಾಗಿಲ ಹತ್ತಿರದ ಬೆಂಚಿನಿಂದ ಒಬ್ಬ ಹುಡುಗಿ ಮೆಲ್ಲಗೆ ಎದ್ದು ಬಂದಳು. ಅವಳ ಗುರುತು ಯಾರಿಗೂ ಇರಲಿಲ್ಲ. ಧಾನ್ಯದ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ ಯಾರದೋ ಹೆಂಡತಿ, ಹೊಸಬಳು, ಹೆಸರು ಕೊರೀನ್ ಎಂದು ಆಮೇಲೆ ತಿಳಿಯಿತು. ಗಂಡನ ಕೋಟು ಹಾಕಿಕೊಂಡಿದ್ದರೂ ಅದರ ಗುಂಡಿ ಹೊಟ್ಟೆಯ ಮೇಲೆ ಕೂಡಿರಲಿಲ್ಲ. ಯಾರಿಗೆ ಚೀಟಿ ಹಾಕಬೇಕೆಂದು ಗೊತ್ತಾಗದೆ ಖಾಲಿ ಚೀಟಿಯನ್ನೇ ಹಾಕಿದೆ, ತಪ್ಪಾಯಿತೇ ಎಂದು ಕೇಳಿದಳು. ತಪ್ಪಿಲ್ಲ ಎಂದ ಡೆಲ್ಮರ್. ಅವಳು ಮಾರ್ಲಿಸ್ ಕಡೆ ತಿರುಗಿದಳು.

‘ನಂಗೆ ಏಪ್ರಿಲ್‌ನಲ್ಲಿ. ಆಗ ನೀವಿರ್ತೀರಾ?’

ಹೆರಿಗೆಯ ಕೋಣೆಯಲ್ಲಿ ಯಾರಿಗೂ ಯಾವ ಮಾತನ್ನೂ ಮುಂಚೆ ಕೊಡುವವಳಲ್ಲ ಮಾರ್ಲಿಸ್. ಮೇಜಿನ ಸುತ್ತ ನಿಂತವರನ್ನು ಒಂದು ಸುತ್ತು ನೋಡಿದಳು. ಬ್ಯಾಂಕಿನವನನ್ನು, ಆರ್ಗನ್ನಿನಾಕೆಯನ್ನು, ಗಂಡನನ್ನು, ಅಣ್ಣನನ್ನು.

‘ಇರ್ತೀವಿ,’ ಎಂದಳು.

ಹುಡುಗಿ ತಲೆಯಾಡಿಸಿ, ಒಂದು ಬನ್ನು ತೆಗೆದುಕೊಂಡು, ನಿಂತಲ್ಲೇ ಹಸಿದವಳ ಹಾಗೆ ತಿಂದಳು. ಹಾರ್ಲನ್ ಅವಳ ಕಾರು ಯಾವುದೆಂದು ಕೇಳಿದ. ನೀಲಿಯದು, ಕೊನೆಯದು ಎಂದಳು. ‘ಆರಾಮಾಗಿ ತಿನ್ನು, ಅವಸರ ಇಲ್ಲ,’ ಎಂದು ಅವನು ಬೀಗದ ಕೈ ಇಸಿದುಕೊಂಡು ಹೊರಗೆ ಬಂದ. ಗಾಳಿ ನಿಂತಿತ್ತು. ಎಂಜಿನ್ನು ಎರಡು ಸಲ ಮುನಿಸಿಕೊಂಡು ಮೂರನೆಯದಕ್ಕೆ ಹತ್ತಿತು. ಬಿಸಿಗಾಳಿ ತಿರುಗಿಸಿಟ್ಟು, ಮುಂದಿನ ಗಾಜಿನ ಮೇಲೆ ಬೆರಳಿನಷ್ಟು ದಪ್ಪ ಕಟ್ಟಿದ್ದ ಮಂಜನ್ನು ಅವನು ಒಂದು ಮೂಲೆಯಿಂದ ಕೆರೆಯತೊಡಗಿದ. ಸ್ವಲ್ಪ ಸ್ವಲ್ಪವಾಗಿ ಗಾಜು ಬಿಡಿಸಿಕೊಂಡು ಒಳಗಿನ ಸೀಟು, ಸೀಟಿನ ಮೇಲೆ ಮಡಿಸಿಟ್ಟ ಕಂಬಳಿ ಕಾಣಿಸಿತು. ಮುಂದಿನದು ಮುಗಿಸಿ, ಕೈಗೆ ಬಿಸಿಯುಸಿರು ಊದಿಕೊಂಡು, ಹಿಂದಿನ ಗಾಜಿಗೆ ಹೋದ.